ಮಿನಿಯೇಚರ್ ಕುದುರೆಗೆ ಕೃತಕ ಗರ್ಭಧಾರಣೆ, ಫ್ರೋಜನ್ ವೀರ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಟೆಕ್ಸಸ್‌ನಲ್ಲಿ ಮಿನಿಯೇಚರ್ ಕುದುರೆಗಳ ತಳಿ ಕೆಲಸದಲ್ಲಿದ್ದೇನೆ. ಇಲ್ಲಿ ಸ್ವಲ್ಪ ಜಾಗ ಮಾಡಿಕೊಂಡು ಒಂದೆರಡು ಪುಟಾಣಿ ಕುದುರೆ ಸಾಕುತ್ತಿರುವ ನಮ್ಮವರು ಆಗಾಗ ಫೋನ್ ಮಾಡುತ್ತಾರೆ. ಊರಲ್ಲಿ ಹಸು ಕಟ್ಟಿ ಗೊತ್ತಿರುವವರೂ ಕೇಳುತ್ತಾರೆ. ಅವರೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಔಷಧ, ಡೋಸು, ಸ್ಕ್ಯಾನ್ ಎಲ್ಲವೂ ಕುದುರೆ ಡಾಕ್ಟರ ಕೈಯಲ್ಲೇ ಆಗಬೇಕು. ಅವರ ಜೊತೆ ಮಾತಾಡುವಾಗ ಏನು ಕೇಳಬೇಕು ಎಂದು ನಿಮಗೆ ತಿಳಿದಿರಲಿ ಅನ್ನುವುದೇ ನನ್ನ ಆಸೆ.

ಮಿನಿಯೇಚರ್ ಅಂದರೆ ಚಿಕ್ಕ ಪೋನಿ ಅಷ್ಟೇ ಅಲ್ವಾ?

ಶೆಟ್ಲೆಂಡ್ ಪೋನಿಯ ರಕ್ತ ಇವುಗಳಲ್ಲಿ ಸಾಕಷ್ಟಿದೆ. ಆದರೆ ನೋಂದಣಿಯ ಲೆಕ್ಕ ಬೇರೆ. 1978ರಲ್ಲಿ ಶುರುವಾದ ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್ 34 ಇಂಚಿನವರೆಗೆ ಮಾತ್ರ ಒಪ್ಪುತ್ತದೆ. ಅಮೆರಿಕನ್ ಮಿನಿಯೇಚರ್ ಹಾರ್ಸ್ ರಿಜಿಸ್ಟ್ರಿಯಲ್ಲಿ 34 ಇಂಚಿನವರೆಗೆ 'ಎ', ಅಲ್ಲಿಂದ 38 ಇಂಚಿನವರೆಗೆ 'ಬಿ' ವಿಭಾಗ. ದೊಡ್ಡ ಕುದುರೆಗಳನ್ನು ಹೆಗಲಿನ ಎತ್ತರದಲ್ಲಿ ಅಳೆಯುತ್ತಾರೆ, ಇವುಗಳನ್ನು ಕುತ್ತಿಗೆಯ ಜೂಲಿನ ಕೊನೆಯ ಕೂದಲಿನ ಹತ್ತಿರ.

ಗಂಡನ್ನೇ ತಂದು ಕೂಡಿಸಿದರೆ ಆಗಲ್ವಾ? ಇಷ್ಟೆಲ್ಲ ಯಾಕೆ?

ಆಗುತ್ತದೆ. ಮನೆಯಲ್ಲೇ ಒಳ್ಳೆಯ ಗಂಡು ಇದ್ದು, ಎರಡೂ ಶಾಂತವಾಗಿದ್ದರೆ ಸಹಜವಾಗಿ ಕೂಡಿಸುವುದೇ ಸುಲಭ. ಖರ್ಚೂ ಕಡಿಮೆ.

ಕೃತಕ ಗರ್ಭಧಾರಣೆ ಬೇಕಾಗುವುದು ಗಂಡು ಸಾವಿರ ಮೈಲಿ ದೂರ ಇದ್ದಾಗ, ಅದು ಪ್ರದರ್ಶನಗಳಿಗೆ ಓಡಾಡುತ್ತಿದ್ದಾಗ, ಅಥವಾ ಹೆಣ್ಣು ಒದ್ದು ಗಂಡಿಗೆ ಪೆಟ್ಟಾಗುವ ಭಯ ಇದ್ದಾಗ. ಎರಡರ ಎತ್ತರದಲ್ಲಿ ಜಾಸ್ತಿ ವ್ಯತ್ಯಾಸ ಇದ್ದರೂ ಕೂಡುವುದು ಕಷ್ಟ. ಇನ್ನೊಂದು ಕಾರಣ ಋತು. ಕುದುರೆ ಹಗಲು ಉದ್ದವಾಗುವ ಕಾಲದಲ್ಲಿ ಬೆದೆಗೆ ಬರುವ ಪ್ರಾಣಿ. ಟೆಕ್ಸಸ್‌ನಲ್ಲಿ ವಸಂತ ಇದ್ದಾಗ ಆಸ್ಟ್ರೇಲಿಯಾದಲ್ಲಿ ಚಳಿ ಹತ್ತಿರ ಬಂದಿರುತ್ತದೆ. ಹಾಗಾಗಿ ಆ ಖಂಡದಿಂದ ಈ ಖಂಡಕ್ಕೆ ವೀರ್ಯ ಬರಬೇಕಾದರೆ ಫ್ರೋಜನ್ ಬಿಟ್ಟು ಬೇರೆ ದಾರಿ ಕಡಿಮೆ.

ತಾಜಾ, ತಂಪು, ಫ್ರೋಜನ್: ಏನು ವ್ಯತ್ಯಾಸ?

ತಾಜಾ ಅಂದರೆ ತೆಗೆದ ಜಾಗದಲ್ಲೇ ಸ್ವಲ್ಪ ಹೊತ್ತಿನಲ್ಲೇ ಹಾಕುವುದು. ಇದಕ್ಕೆ ಸಮಯದ ಒತ್ತಡ ಕಡಿಮೆ. ಹೆಣ್ಣಿನ ಹೊಟ್ಟೆಯಲ್ಲಿ ತಾಜಾ ವೀರ್ಯಾಣು ಎರಡು ದಿನವಾದರೂ ಚೆನ್ನಾಗಿ ಬದುಕಿರುತ್ತದೆ.

ತಂಪು ವೀರ್ಯವನ್ನು ಹಾಲಿನ ಪುಡಿ ಮತ್ತು ಗ್ಲೂಕೋಸ್ ಇರುವ ದ್ರಾವಣದಲ್ಲಿ ಬೆರೆಸಿ, ನಿಧಾನವಾಗಿ 5 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಸಿ, ವಿಶೇಷ ಪೆಟ್ಟಿಗೆಯಲ್ಲಿ ಕೊರಿಯರ್ ಮಾಡುತ್ತಾರೆ. 24 ಗಂಟೆಯೊಳಗೆ ಹಾಕಿದರೆ ಒಳ್ಳೆಯದು, 48 ಗಂಟೆ ದಾಟಬಾರದು. ಅಂದರೆ ಗಂಡಿನ ಕಡೆಯವರು ಅದೇ ದಿನ ತೆಗೆಯಬೇಕು, ವಿಮಾನ ಸಿಗಬೇಕು, ನಿಮ್ಮ ಹೆಣ್ಣೂ ಅದೇ ಹೊತ್ತಿಗೆ ತಯಾರಾಗಿರಬೇಕು. ಭಾನುವಾರ ಬಂತೆಂದರೆ ಎಲ್ಲರಿಗೂ ತಲೆನೋವು.

ಫ್ರೋಜನ್ ವೀರ್ಯ ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಇರುತ್ತದೆ. ಅಲ್ಲಿ ಅದು ವರ್ಷಗಟ್ಟಲೆ ಕಾಯುತ್ತದೆ. ಕರಗಿಸಿದ ಮೇಲೆ ಮಾತ್ರ ಕಾಯುವುದಿಲ್ಲ. ಒಳಗೆ ಹೋದ ಮೇಲೆ 12ರಿಂದ 24 ಗಂಟೆ ಅದರ ಆಯುಸ್ಸು. ಮುಂದೆ ಬರುವ ತೊಂದರೆಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಊರಲ್ಲಿ ಹಸುವಿಗೆ ಇಂಜೆಕ್ಷನ್ ಕೊಡಿಸುತ್ತೇವಲ್ಲ, ಇದೂ ಹಾಗೇ ಅಲ್ವಾ?

ನಮ್ಮವರು ಮೊದಲು ಕೇಳುವುದೇ ಇದನ್ನು. ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಕೇಂದ್ರವೇ ಇದೆ. ವೀರ್ಯ ತುಂಬಿದ ಸಣ್ಣ ಕೊಳವೆಯಾದ ಸ್ಟ್ರಾ, ಸಾರಜನಕದ ಕ್ಯಾನು, ಬೈಕಿನಲ್ಲಿ ಬರುವ ಪಶು ಇನ್ಸ್‌ಪೆಕ್ಟರ್, ಇದೆಲ್ಲ ಹಳ್ಳಿಯ ಮಕ್ಕಳಿಗೂ ಗೊತ್ತು. ತತ್ವ ಅದೇ. ಕೆಲಸ ಬೇರೆ.

ಹಸುವಿನ ಬೆದೆ ಒಂದು ದಿನಕ್ಕಿಂತ ಕಡಿಮೆ. ಬೆದೆ ಮುಗಿದ ಮೇಲೆ ಅಂಡ ಬಿಡುಗಡೆಯಾಗುತ್ತದೆ. ಅದಕ್ಕೇ ಬೆಳಿಗ್ಗೆ ಕೂಗಿದರೆ ಸಂಜೆ, ಸಂಜೆ ಕೂಗಿದರೆ ಮರುದಿನ ಬೆಳಿಗ್ಗೆ ಅನ್ನುವ ಲೆಕ್ಕ ನಡೆಯುತ್ತದೆ. ಕುದುರೆಯ ಬೆದೆ ಐದರಿಂದ ಏಳು ದಿನ ಇರುತ್ತದೆ, ಒಮ್ಮೊಮ್ಮೆ ಇನ್ನೂ ಜಾಸ್ತಿ. ಅಂಡ ಬಿಡುವುದು ಬೆದೆ ಮುಗಿಯುವ ಒಂದೆರಡು ದಿನ ಮೊದಲು. ಬೆದೆ ಯಾವಾಗ ಮುಗಿಯುತ್ತದೆ ಅಂತ ಮೊದಲೇ ಯಾರಿಗೆ ಗೊತ್ತು? ಬಾಲ ಎತ್ತಿದೆ, ಗಂಡಿನ ಕಡೆ ತಿರುಗಿದೆ ಅನ್ನುವುದನ್ನಷ್ಟೇ ನೋಡಿ ಫ್ರೋಜನ್ ವೀರ್ಯ ಹಾಕಿದರೆ ದುಡ್ಡು ನೀರಿಗೆ ಹಾಕಿದಂತೆ. ಸ್ಕ್ಯಾನ್ ಬೇಕೇ ಬೇಕು.

ಪ್ರಮಾಣವೂ ಬೇರೆ. ಹಸುವಿನ 0.25 ಮಿಲಿಲೀಟರ್ ಸ್ಟ್ರಾದಲ್ಲಿ ಸುಮಾರು 2 ಕೋಟಿ ವೀರ್ಯಾಣು ಇದ್ದರೆ ಸಾಕು. ಕುದುರೆಯ ಒಂದು ಡೋಸಿಗೆ ಸಾಮಾನ್ಯವಾಗಿ 0.5 ಮಿಲಿಲೀಟರಿನ ಎಂಟು ಸ್ಟ್ರಾ, ಒಟ್ಟು 80 ಕೋಟಿಯ ಆಸುಪಾಸು. ಕರಗಿಸಿದ ಮೇಲೆ ಮುಂದಕ್ಕೆ ಈಜುವಂಥವು 25 ಕೋಟಿಯಾದರೂ ಉಳಿದಿರಬೇಕು ಅನ್ನುವುದು ವಾಡಿಕೆಯ ಗುರಿ. ಹಾಕುವ ಕೈಯೂ ಬೇರೆ. ಹಸುವಿನಲ್ಲಿ ಗುದದ್ವಾರದಿಂದ ಕೈ ಹಾಕಿ ಗರ್ಭಕೋಶದ ಕೊರಳು ಹಿಡಿಯುತ್ತಾರೆ. ಕುದುರೆಯ ಕೊರಳು ಬೆದೆಯಲ್ಲಿ ಮೆತ್ತಗೆ ಸಡಿಲಾಗಿರುತ್ತದೆ, ಯೋನಿಯ ಮೂಲಕವೇ ಬೆರಳಿನ ಗುರಿಯಲ್ಲಿ ನಳಿಕೆ ತೂರಿಸುತ್ತಾರೆ.

ಗಂಡಿನಿಂದ ವೀರ್ಯ ಹೇಗೆ ತೆಗೆಯುತ್ತಾರೆ?

ಕೃತಕ ಯೋನಿ ಎಂಬ ಸಾಧನದಿಂದ. ಹೊರಗೆ ಗಟ್ಟಿ ಕವಚ, ಒಳಗೆ ರಬ್ಬರ್ ಪದರ, ಎರಡರ ಮಧ್ಯೆ ಬಿಸಿನೀರು. ಒಳಗಿನ ಬಿಸಿ ಸುಮಾರು 45 ಡಿಗ್ರಿ ಇರುತ್ತದೆ. ದೊಡ್ಡ ಕುದುರೆಗೆ ಮಾಡಿದ್ದು ಮಿನಿಗೆ ದೊಗಳೆಯಾಗುತ್ತದೆ, ಒತ್ತಡ ಸಿಗುವುದಿಲ್ಲ. ಅವಕ್ಕೆಂದೇ ಚಿಕ್ಕ ಅಳತೆಯವು ಬೇಕು. ಏರಿಸುವ ಡಮ್ಮಿಯೂ ಅದರ ಎತ್ತರಕ್ಕೆ ತಕ್ಕಂತೆ ಇರಬೇಕು. ಕೆಲವು ಗಂಡುಗಳು ಏರದೆ ನಿಂತಲ್ಲೇ ಕೊಡುವುದನ್ನು ಕಲಿಯುತ್ತವೆ. ಬೆನ್ನು, ಕಾಲು ನೋವಿರುವ ವಯಸ್ಸಾದ ಗಂಡಿಗೆ ಅದೇ ವಾಸಿ.

ಬಂದ ದ್ರವವನ್ನು ಸೋಸಿ ಲೋಳೆಯ ಭಾಗ ಬೇರೆ ಮಾಡುತ್ತಾರೆ. ಆಮೇಲೆ ಎಣಿಕೆ, ಸೂಕ್ಷ್ಮದರ್ಶಕದಲ್ಲಿ ಚಲನೆ, ಆಕಾರ. ಮುಟ್ಟುವ ಪ್ರತಿ ಗಾಜು, ಪ್ರತಿ ಕೊಳವೆ ಬೆಚ್ಚಗಿರಬೇಕು, ಒಣಗಿರಬೇಕು. ಒಂದು ಹನಿ ನೀರು ಬಿದ್ದರೂ ವೀರ್ಯಾಣು ಸಾಯುತ್ತದೆ. ಬಿಸಿಲೂ ಆಗದು, ಸೋಪಿನ ಅಂಶವೂ ಆಗದು.

ಚಿಕ್ಕ ದೇಹ, ಚಿಕ್ಕ ವೃಷಣ. ಹಾಗಾಗಿ ಒಂದು ಸಲಕ್ಕೆ ಸಿಗುವ ವೀರ್ಯಾಣು ದೊಡ್ಡ ಕುದುರೆಗಿಂತ ಕಡಿಮೆ, ಡೋಸುಗಳೂ ಕಡಿಮೆ. ಮಿನಿಯ ಫ್ರೋಜನ್ ವೀರ್ಯ ತುಟ್ಟಿ ಅನ್ನಿಸಲು ಇದೂ ಒಂದು ಕಾರಣ.

ಯಾವ ಗಂಡಿನ ವೀರ್ಯವನ್ನಾದರೂ ಫ್ರೀಜ್ ಮಾಡಬಹುದಾ?

ಮಾಡಬಹುದು. ಕರಗಿಸಿದಾಗ ಬದುಕಿರುತ್ತದಾ ಅನ್ನುವುದು ಬೇರೆ ಮಾತು. ಹೆಪ್ಪುಗಟ್ಟುವಾಗ ಹುಟ್ಟುವ ಹರಳುಗಳು ಜೀವಕೋಶವನ್ನು ಒಡೆಯುತ್ತವೆ. 1949ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ವಿಜ್ಞಾನಿಗಳು ಗ್ಲಿಸರಾಲ್ ಬೆರೆಸಿದರೆ ಈ ಹಾನಿ ಕಡಿಮೆಯಾಗುತ್ತದೆ ಎಂದು ಕಂಡುಕೊಂಡರು. ಹಸು ಸಾಕುವವರಿಗೆ ಅದು ದೊಡ್ಡ ವರವಾಯಿತು. ಕುದುರೆಯಲ್ಲಿ ಫ್ರೋಜನ್ ವೀರ್ಯದಿಂದ ಗಬ್ಬ ನಿಂತ ಮೊದಲ ವರದಿ 1957ರದ್ದು, ಕೆನಡಾದ ಬಾರ್ಕರ್ ಮತ್ತು ಗ್ಯಾಂಡಿಯರ್ ಅವರದ್ದು.

ಹಸುಗಳಲ್ಲಿ ಫ್ರೀಜ್ ಆಗದ ಹೋರಿಯನ್ನು ಮೊದಲೇ ಕೈಬಿಡುತ್ತಾ ಬಂದಿದ್ದಾರೆ. ಕುದುರೆಯಲ್ಲಿ ಗಂಡನ್ನು ಆರಿಸುವುದು ರೂಪಕ್ಕೆ, ನಡಿಗೆಗೆ, ಬಣ್ಣಕ್ಕೆ. ಹಾಗಾಗಿ ಪ್ರದರ್ಶನದಲ್ಲಿ ಗೆದ್ದ ಗಂಡಿನ ವೀರ್ಯವೂ ಕರಗಿಸಿದಾಗ ಸತ್ತು ಮಲಗಬಹುದು. ಮೊದಲು ಪರೀಕ್ಷೆಗೆಂದು ಸ್ವಲ್ಪ ಫ್ರೀಜ್ ಮಾಡಿ, ಕರಗಿಸಿ ನೋಡುತ್ತಾರೆ. 30ರಿಂದ 35 ಪ್ರತಿಶತ ಮುಂದಕ್ಕೆ ಈಜಿದರೆ ಮಾರಲು ಯೋಗ್ಯ ಅನ್ನುತ್ತಾರೆ. ಕೊಳ್ಳುವ ಮುಂಚೆ ಆ ಬ್ಯಾಚಿನ ವರದಿ ಕೇಳಿ. ಗಂಡಿಗೆ ಜ್ವರ ಬಂದು ಎರಡು ತಿಂಗಳೊಳಗೆ ತೆಗೆದ ವೀರ್ಯ ಬೇಡ. ಒಂದು ವೀರ್ಯಾಣು ತಯಾರಾಗಿ ಹೊರಬರಲು ಹೆಚ್ಚು ಕಡಿಮೆ ಅಷ್ಟು ಸಮಯ ಹಿಡಿಯುತ್ತದೆ.

ಇಷ್ಟು ಚಿಕ್ಕ ಹೆಣ್ಣು ಕುದುರೆಗೆ ಒಳಗಿನ ಸ್ಕ್ಯಾನ್ ಹೇಗೆ ಮಾಡುತ್ತಾರೆ? ಅಪಾಯ ಇಲ್ವಾ?

ಇದೆ. ಅದನ್ನು ಮುಚ್ಚಿಡಬಾರದು. ದೊಡ್ಡ ಕುದುರೆಯಲ್ಲಿ ಡಾಕ್ಟರ್ ಗುದದ್ವಾರದಿಂದ ಮೊಳಕೈವರೆಗೆ ಕೈ ಹಾಕಿ, ಅಂಗೈಯಲ್ಲಿ ಸ್ಕ್ಯಾನ್ ಯಂತ್ರದ ಪ್ರೋಬ್ ಹಿಡಿದು, ಅಂಡಾಶಯ ನೋಡುತ್ತಾರೆ. 32 ಇಂಚಿನ ಹೆಣ್ಣಿನಲ್ಲಿ ಬಹಳ ಜನರ ಕೈ ಹೋಗುವುದೇ ಇಲ್ಲ. ಹೋದರೂ ಕುದುರೆ ತಿಣುಕಿದರೆ ಕರುಳು ಹರಿಯಬಹುದು. ಕರುಳು ಹರಿದರೆ ಕುದುರೆ ಉಳಿಯುವುದು ಕಷ್ಟ.

ಒಳ್ಳೆಯ ಡಾಕ್ಟರ್ ಏನು ಮಾಡುತ್ತಾರೆ ಅಂದರೆ, ಪ್ರೋಬನ್ನು ಒಂದು ಉದ್ದನೆಯ ಗಟ್ಟಿ ಹಿಡಿಕೆಗೆ ಕೂರಿಸುತ್ತಾರೆ. ಮೊದಲು ಲದ್ದಿ ತೆಗೆಯುತ್ತಾರೆ. ಜೆಲ್ ಧಾರಾಳವಾಗಿ ಹಚ್ಚುತ್ತಾರೆ. ಬೇಕಾದರೆ ಮಂಪರು ಬರುವ ಮದ್ದು, ಕರುಳು ಸಡಿಲವಾಗಲು ಬಸ್ಕೋಪಾನ್ ಕೊಡುತ್ತಾರೆ. ಆಮೇಲೆ ನೆಲಕ್ಕೆ ಮಂಡಿಯೂರಿ ಕೂತು, ಸ್ಕ್ರೀನ್ ಮೇಲೇ ಕಣ್ಣಿಟ್ಟು, ಹಿಡಿಕೆಯನ್ನು ಬೆರಳಷ್ಟು ಬೆರಳಷ್ಟೇ ಒಳಗೆ ಬಿಡುತ್ತಾರೆ. ಮೊದಲು ಮೂತ್ರಕೋಶ ಕಪ್ಪಗೆ ಕಾಣುತ್ತದೆ, ಅದರಾಚೆ ಗರ್ಭಕೋಶ, ಹಿಡಿಕೆ ಸ್ವಲ್ಪ ಎಡಕ್ಕೆ ತಿರುಗಿಸಿದರೆ ಎಡ ಅಂಡಾಶಯ. ಕುದುರೆ ತಿಣುಕಿದ ತಕ್ಷಣ ಕೈ ನಿಲ್ಲಬೇಕು. ಆ ಹೊತ್ತಿನಲ್ಲಿ ಅವಸರ ಮಾಡುವ ಡಾಕ್ಟರ್ ನಿಮಗೆ ಬೇಡ.

ಡಾಕ್ಟರನ್ನು ಆರಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಮಿನಿಗಳನ್ನು ಸ್ಕ್ಯಾನ್ ಮಾಡಿ ಅಭ್ಯಾಸ ಇದೆಯಾ? ಇಲ್ಲ ಅಂದರೆ ಎಷ್ಟೇ ಹೆಸರಿರುವ ಆಸ್ಪತ್ರೆಯಾದರೂ ಬೇರೆ ಕಡೆ ಹೋಗಿ. ಕೆಲವು ಹೆಣ್ಣುಗಳು ಅಳತೆಯಲ್ಲಿ ತೀರಾ ಚಿಕ್ಕವು. ಅವುಗಳಿಗೆ ಫ್ರೋಜನ್ ಗೊಡವೆಯೇ ಬೇಡ ಎಂದು ಡಾಕ್ಟರ್ ಹೇಳಿದರೆ ಒಪ್ಪಿಕೊಳ್ಳಿ. ಮರಿಯ ಆಸೆಗೆ ತಾಯಿಯನ್ನು ಪಣಕ್ಕಿಡಬಾರದು.

ಹಾಕುವ ಸಮಯ ಹೇಗೆ ಗೊತ್ತಾಗುತ್ತದೆ?

ಕುದುರೆಯ ಚಕ್ರ 21ರಿಂದ 22 ದಿನ. ಬೆದೆ ಶುರುವಾದ ಮೇಲೆ ಸ್ಕ್ಯಾನಿನಲ್ಲಿ ಎರಡು ವಿಷಯ ನೋಡುತ್ತಾರೆ. ಒಂದು, ಅಂಡಾಶಯದ ಮೇಲಿನ, ಅಂಡ ಇರುವ ದೊಡ್ಡ ಗುಳ್ಳೆ. ದೊಡ್ಡ ಕುದುರೆಗಳಲ್ಲಿ ಅದು 35 ಮಿಲಿಮೀಟರ್ ದಾಟಿದರೆ ಹಣ್ಣಾಗುತ್ತಿದೆ ಅನ್ನುತ್ತಾರೆ. ಮಿನಿಗಳಲ್ಲಿ ಇನ್ನೂ ಸ್ವಲ್ಪ ಚಿಕ್ಕದಿರುವಾಗಲೇ ಒಡೆಯಬಹುದು. ಆದ್ದರಿಂದ ದೊಡ್ಡ ಕುದುರೆಯ ಲೆಕ್ಕ ಇಟ್ಟುಕೊಂಡು ಕಾದರೆ ಸಮಯ ಕೈತಪ್ಪುತ್ತದೆ. ಎರಡು, ಗರ್ಭಕೋಶದ ಒಳಪದರದ ಊತ. ಅಡ್ಡ ಸೀಳಿನಲ್ಲಿ ಅದು ಗಾಡಿ ಚಕ್ರದ ಕಡ್ಡಿಗಳ ಹಾಗೆ ಕಾಣುತ್ತದೆ.

ಎರಡೂ ಕೂಡಿ ಬಂದಾಗ ಅಂಡ ಬಿಡಿಸುವ ಇಂಜೆಕ್ಷನ್ ಕೊಡುತ್ತಾರೆ. ಎಚ್‌ಸಿಜಿ ಅಥವಾ ಡೆಸ್ಲೊರೆಲಿನ್. ಕೊಟ್ಟ ಮೇಲೆ ಸುಮಾರು 36ರಿಂದ 42 ಗಂಟೆಗೆ ಅಂಡ ಹೊರಬರುತ್ತದೆ. ಬಂದ ಅಂಡ ಕೆಲವೇ ಗಂಟೆ ಬದುಕುತ್ತದೆ. ಫ್ರೋಜನ್ ವೀರ್ಯ ಅಂಡ ಬಿಡುವ 12 ಗಂಟೆ ಮೊದಲಿನಿಂದ, ಬಿಟ್ಟ 6 ಗಂಟೆಯೊಳಗೆ ಒಳಗಿರಬೇಕು. ಇದಕ್ಕೆ ಎರಡು ದಾರಿ ಇವೆ. ಒಂದೇ ಡೋಸ್ ಇದ್ದರೆ ಕೊನೆಯ ಹೊತ್ತಿನಲ್ಲಿ ಆರು ಗಂಟೆಗೊಮ್ಮೆ, ರಾತ್ರಿಯೂ ಸ್ಕ್ಯಾನ್ ಮಾಡಿ, ಗುಳ್ಳೆ ಒಡೆದ ಕೂಡಲೇ ಹಾಕುವುದು. ಡೋಸನ್ನು ಎರಡಾಗಿ ಹಂಚಲು ಬಂದರೆ ಇಂಜೆಕ್ಷನ್ ಕೊಟ್ಟ 24ನೇ ಗಂಟೆಗೆ ಒಂದು, 40ನೇ ಗಂಟೆಗೆ ಇನ್ನೊಂದು.

ನನ್ನ ಒಲವು ಎರಡನೆಯದರ ಕಡೆಗೆ. ಚಿಕ್ಕ ಕುದುರೆಗೆ ಸ್ಕ್ಯಾನ್ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು.

ಸ್ಟ್ರಾ ಕರಗಿಸುವುದನ್ನು ನಾವೇ ಮಾಡಬಹುದಾ?

ನೋಡಿ ಕಲಿತಿದ್ದರೆ ಮಾಡಬಹುದು. ಆದರೆ ಡಾಕ್ಟರ್ ಎದುರಿಗಿದ್ದಾಗ ಮಾತ್ರ. ಮೊದಲು ನೀರು ಕಾಯಿಸಿ 37 ಡಿಗ್ರಿಗೆ ನಿಲ್ಲಿಸಿ, ಥರ್ಮಾಮೀಟರ್ ಹಾಕಿಯೇ ನೋಡಿ. ಕ್ಯಾನಿನ ಮುಚ್ಚಳ ತೆಗೆದ ಮೇಲೆ, ಒಳಗೆ ಸ್ಟ್ರಾ ಇಟ್ಟಿರುವ ಡಬ್ಬಿಯನ್ನು ಕ್ಯಾನಿನ ಕತ್ತಿನ ಮಟ್ಟಕ್ಕಿಂತ ಮೇಲೆ ಎತ್ತಬೇಡಿ. ಉದ್ದ ಇಕ್ಕಳದಿಂದ ಸ್ಟ್ರಾ ಹಿಡಿದು ಎಳೆದ ಕ್ಷಣವೇ ನೀರಿಗೆ ಹಾಕಿ. ಹೊರಗಿನ ಗಾಳಿಯಲ್ಲಿ ಕೆಲವೇ ಸೆಕೆಂಡಿನಲ್ಲಿ ಅದರ ಬಿಸಿ ಏರಿಬಿಡುತ್ತದೆ. ಪಕ್ಕದ ಸ್ಟ್ರಾಗಳಿಗೂ ಇದೇ ಪೆಟ್ಟು. ತೆಗೆದದ್ದನ್ನು ಬಿಟ್ಟು ಉಳಿದವು ಮತ್ತೆ ಕೆಳಗೆ ಮುಳುಗಿವೆಯಾ ನೋಡಿ.

0.5 ಮಿಲಿಲೀಟರ್ ಸ್ಟ್ರಾಗೆ 30 ಸೆಕೆಂಡು. ನೀರಿನಲ್ಲಿ ಸುಮ್ನೆ ಬಿಡಬೇಡಿ, ಮೆಲ್ಲಗೆ ಅಲ್ಲಾಡಿಸಿ, ಒಂದಕ್ಕೊಂದು ಅಂಟದಿರಲಿ. ತೆಗೆದು ಟಿಶ್ಯೂನಿಂದ ಪೂರ್ತಿ ಒರೆಸಿ, ಹನಿ ನೀರೂ ಉಳಿಯಬಾರದು. ಸ್ಟ್ರಾ ಮೇಲೆ ಬರೆದಿರುವ ಗಂಡಿನ ಹೆಸರು, ತಾರೀಕು ಓದಿ ಇನ್ನೊಬ್ಬರಿಗೂ ತೋರಿಸಿ. ಹತ್ತಿ ಇರುವ ತುದಿ ಮೇಲಿರಲಿ. ಇನ್ನೊಂದು ತುದಿ ಕತ್ತರಿಸಿ ಬೆಚ್ಚಗಿನ ಕೊಳವೆಗೆ ಇಳಿಸಿ, ಒಂದು ಹನಿ ಸೂಕ್ಷ್ಮದರ್ಶಕಕ್ಕೆ, ಉಳಿದದ್ದು ಕೂಡಲೇ ಕುದುರೆಗೆ. ಬೇರೆ ಬೇರೆ ಕೇಂದ್ರದವರ ವಿಧಾನ ಬೇರೆ ಇರುತ್ತದೆ. ವೀರ್ಯದ ಜೊತೆ ಬಂದ ಕಾಗದದಲ್ಲಿ ಏನಿದೆಯೋ ಅದೇ ಅಂತಿಮ. ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಲು ಆಗದು.

ಹಾಕಿದ ಮೇಲೆ ಗರ್ಭಕೋಶದಲ್ಲಿ ನೀರು ನಿಂತಿದೆ ಅಂದರು. ಹೆದರಬೇಕಾ?

ವೀರ್ಯ ಹೋದ ಮೇಲೆ ಗರ್ಭಕೋಶ ಸ್ವಲ್ಪ ಉರಿಗೊಳ್ಳುವುದು ಸಹಜ. ಫ್ರೋಜನ್ ವೀರ್ಯಕ್ಕೆ ಅದು ಜಾಸ್ತಿ. ಎಳೆಯ, ಆರೋಗ್ಯದ ಹೆಣ್ಣು ಒಂದೆರಡು ದಿನದಲ್ಲಿ ತಾನೇ ತೊಳೆದುಕೊಳ್ಳುತ್ತದೆ. ವಯಸ್ಸಾದ, ಹಲವು ಸಲ ಈದ ಹೆಣ್ಣಿಗೆ ಆಗುವುದಿಲ್ಲ. ಆಗ ಡಾಕ್ಟರ್ ಗರ್ಭಕೋಶ ತೊಳೆದು, ಅದು ಹಿಂಡಿ ನೀರು ಹೊರಹಾಕಲು ಆಕ್ಸಿಟೋಸಿನ್ ಕೊಡುತ್ತಾರೆ. ಮೊದಲೇ ಗರ್ಭಕೋಶದ ಸ್ವಾಬ್ ಪರೀಕ್ಷೆ ಮಾಡಿಸಿದ್ದರೆ ಅರ್ಧ ತೊಂದರೆ ಮೊದಲೇ ತಪ್ಪುತ್ತದೆ.

ಒಂದೇ ಸಲಕ್ಕೆ ಗಬ್ಬ ನಿಲ್ಲುತ್ತದಾ?

ನಿಂತರೆ ಖುಷಿ. ಆದರೆ ಒಂದೇ ಡೋಸ್ ಕೊಂಡು ಅದರ ಮೇಲೆ ಎಲ್ಲ ಆಸೆ ಇಡಬೇಡಿ. ತಾಜಾ ವೀರ್ಯಕ್ಕಿಂತ ತಂಪಿನದ್ದು, ತಂಪಿಗಿಂತ ಫ್ರೋಜನ್ ಫಲ ಸಾಮಾನ್ಯವಾಗಿ ಕಡಿಮೆ. ಹೆಣ್ಣಿನ ವಯಸ್ಸು ಬಹಳ ಮುಖ್ಯ. ಹದಿನೈದು ದಾಟಿ ಒಮ್ಮೆಯೂ ಈಯದ ಹೆಣ್ಣಿಗೆ ಕಾಸ್ಟ್ಲಿ ಫ್ರೋಜನ್ ವೀರ್ಯ ಹಾಕುವುದನ್ನು ನಾನು ಒಪ್ಪುವುದಿಲ್ಲ. ಹಿಂದಿನ ವರ್ಷ ಸುಲಭವಾಗಿ ಈದ, ಎಂಟು ಹತ್ತು ವರ್ಷದೊಳಗಿನ ಹೆಣ್ಣನ್ನು ಆರಿಸಿ.

ಗಬ್ಬ ಯಾವಾಗ ಗೊತ್ತಾಗುತ್ತದೆ? ಅವಳಿ ಆದರೆ?

ಅಂಡ ಬಿಟ್ಟ 14ರಿಂದ 16ನೇ ದಿನಕ್ಕೆ ಸ್ಕ್ಯಾನಿನಲ್ಲಿ ಕಪ್ಪು ಗುಂಡು ಗುಳ್ಳೆ ಕಾಣುತ್ತದೆ. 25ನೇ ದಿನದ ಹೊತ್ತಿಗೆ ಎದೆಬಡಿತ. ಮೊದಲ ಸ್ಕ್ಯಾನ್ ತಪ್ಪಿಸಬೇಡಿ, ಅದು ಅವಳಿ ಹಿಡಿಯಲು. ಕುದುರೆಗೆ ಅವಳಿ ಒಳ್ಳೆಯ ಸುದ್ದಿ ಅಲ್ಲ. ಬಹಳ ಸಲ ಎರಡೂ ಹೋಗುತ್ತವೆ, ಮಿನಿಯಲ್ಲಿ ತಾಯಿಗೂ ಅಪಾಯ. ಗುಳ್ಳೆಗಳು 16ನೇ ದಿನದವರೆಗೆ ಓಡಾಡುತ್ತಿರುತ್ತವೆ. ಅಷ್ಟರೊಳಗೆ ಒಂದನ್ನು ಡಾಕ್ಟರ್ ಒತ್ತಿ ತೆಗೆಯಬಹುದು. ಕೈ ಹೋಗದ ಮಿನಿಯಲ್ಲಿ ಈ ಕೆಲಸ ಬಹಳ ಕಷ್ಟ. ಅದಕ್ಕೇ ಬೆದೆಯಲ್ಲಿ ಎರಡು ದೊಡ್ಡ ಗುಳ್ಳೆ ಕಂಡಾಗಲೇ, ಈ ಚಕ್ರ ಬಿಟ್ಟು ಮುಂದಿನದಕ್ಕೆ ಹೋಗೋಣವಾ ಎಂದು ಡಾಕ್ಟರ ಜೊತೆ ಮಾತಾಡಿ.

ಕುಬ್ಜ ಮರಿ ಹುಟ್ಟುವ ಭಯ ಇದೆ. ವೀರ್ಯ ಕೊಳ್ಳುವಾಗ ಏನು ನೋಡಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುವುದಿದ್ದರೆ ಇದನ್ನು ಓದಿ.

ಎತ್ತರ ಕಡಿಮೆ ಮಾಡುವ ಹಟದಲ್ಲಿ ಮಿನಿಗಳಲ್ಲಿ ಕುಬ್ಜತನದ ದೋಷ ಹರಡಿದೆ. ಉಬ್ಬಿದ ಹಣೆ, ಮುಂದೆ ಚಾಚಿದ ಕೆಳದವಡೆ, ಸೊಟ್ಟ ಕಾಲು, ದೊಡ್ಡ ಹೊಟ್ಟೆ. ಇಂಥ ಮರಿಗಳಿಗೆ ನಡೆಯುವುದೇ ನೋವು, ಹಲವು ಬೇಗ ಸಾಯುತ್ತವೆ. ಕಾರಣ ಎಸಿಎಎನ್ ಎಂಬ ಜೀನಿನ ಬದಲಾವಣೆಗಳು. ಕೆಂಟಕಿ ವಿಶ್ವವಿದ್ಯಾಲಯದ ಸಂಶೋಧಕರು ಇವನ್ನು ಗುರುತಿಸಿದರು. ಡಿ1, ಡಿ2, ಡಿ3, ಡಿ4 ಎಂದು ಕರೆಯುತ್ತಾರೆ. ದೋಷದ ಜೀನಿನ ಒಂದೇ ಪ್ರತಿ ಇರುವ ಕುದುರೆ ನೋಡಲು ಚೆನ್ನಾಗೇ ಇರುತ್ತದೆ, ಪ್ರದರ್ಶನವನ್ನೂ ಗೆಲ್ಲುತ್ತದೆ. ಅಂಥ ಎರಡನ್ನು ಕೂಡಿಸಿದರೆ ಪ್ರತಿ ಸಲವೂ ನಾಲ್ಕರಲ್ಲಿ ಒಂದು ಪಾಲು ದೋಷದ ಮರಿಯ ಸಾಧ್ಯತೆ. ಕೆಲವು ಜೋಡಿಗಳಲ್ಲಿ ಮರಿ ಹೊಟ್ಟೆಯಲ್ಲೇ ಹೋಗುತ್ತದೆ. "ಗಬ್ಬ ನಿಂತು ನಿಂತು ಹೋಗುತ್ತಿದೆ" ಅನ್ನುವವರು ಇದನ್ನೂ ಯೋಚಿಸಿ.

ಸಹಜವಾಗಿ ಕೂಡುವ ಗಂಡು ತನ್ನ ಸುತ್ತಲಿನ ಕೆಲವು ಹೆಣ್ಣುಗಳ ಮರಿಗಳಿಗೆ ಈ ದೋಷ ಕೊಡಬಹುದು. ಫ್ರೋಜನ್ ವೀರ್ಯದ ಗಂಡು ಸತ್ತ ಮೇಲೂ, ಖಂಡಗಳಾಚೆಗೂ ಕೊಡುತ್ತಲೇ ಇರುತ್ತದೆ. ಹಾಗಾಗಿ ಫ್ರೀಜ್ ಮಾಡುವ ಗಂಡಿಗೆ ಪರೀಕ್ಷೆ ಕಡ್ಡಾಯ ಆಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜೂಲಿನ ಕೂದಲನ್ನು ಬೇರು ಸಮೇತ ಕಿತ್ತು ಲ್ಯಾಬಿಗೆ ಕಳಿಸಿದರೆ ಮುಗಿಯಿತು. ವರದಿ ತೋರಿಸದವರ ಹತ್ತಿರ ಕೊಳ್ಳಬೇಡಿ. ನಿಮ್ಮ ಹೆಣ್ಣಿನದ್ದೂ ಮಾಡಿಸಿ. ಮೈಮೇಲೆ ಬಿಳಿ ಮಚ್ಚೆಯ ಫ್ರೇಮ್ ಓವೆರೋ ಬಣ್ಣದ ಕುದುರೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಎರಡೂ ಕಡೆ ಆ ಜೀನ್ ಇದ್ದರೆ ನಾಲ್ಕರಲ್ಲಿ ಒಂದು ಮರಿ ಪೂರ್ತಿ ಬೆಳ್ಳಗೆ ಹುಟ್ಟಿ, ಕರುಳು ಕೆಲಸ ಮಾಡದೆ ಕೆಲವೇ ದಿನದಲ್ಲಿ ಸಾಯುತ್ತದೆ. ಇದಕ್ಕೂ ಕೂದಲಿನ ಪರೀಕ್ಷೆ ಇದೆ.

ವೀರ್ಯ ಹಾಕುವುದಾದರೆ ಗಂಡಿನ ಎತ್ತರ ಎಷ್ಟಿದ್ದರೂ ನಡೆಯುತ್ತಲ್ಲ?

1938ರಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ಕೇಂಬ್ರಿಡ್ಜಿನ ಸಂಶೋಧಕರು ಕೃತಕ ಗರ್ಭಧಾರಣೆಯಿಂದ ಭಾರಿ ಗಾತ್ರದ ಶೈರ್ ಕುದುರೆಯನ್ನೂ ಶೆಟ್ಲೆಂಡ್ ಪೋನಿಯನ್ನೂ ಎರಡೂ ದಿಕ್ಕಿನಲ್ಲಿ ಕೂಡಿಸಿ ನೋಡಿದರು. ಮರಿ ಹುಟ್ಟುವಾಗಿನ ಗಾತ್ರ ಹೆಚ್ಚಾಗಿ ತಾಯಿಯ ಗಾತ್ರದಂತೆ ಇತ್ತು. ಇದನ್ನು ಓದಿ ಕೆಲವರು ಧೈರ್ಯ ಮಾಡುತ್ತಾರೆ. ಮಾಡಬೇಡಿ. ಮಿನಿಗಳಲ್ಲಿ ಸಮಜೋಡಿಯಲ್ಲೇ ಹೆರಿಗೆ ಕಷ್ಟ ಜಾಸ್ತಿ. ಮರಿಯ ತಲೆ ಉಬ್ಬು, ತಾಯಿಯ ಸೊಂಟದ ದಾರಿ ಕಿರಿದು. ಗಂಡು ಹೆಣ್ಣಿಗಿಂತ ಚಿಕ್ಕದಿದ್ದರೆ ಅಥವಾ ಸಮ ಇದ್ದರೆ ಸರಿ.

ವೀರ್ಯದಿಂದ ರೋಗ ಬರುತ್ತದಾ?

ಬರುತ್ತದೆ. ವೀರ್ಯಾಣುವನ್ನು ಕಾಪಾಡುವ ಚಳಿಯೇ ವೈರಸ್ಸನ್ನೂ ಕಾಪಾಡುತ್ತದೆ. ಇವಿಎ ಎಂಬ ವೈರಸ್ ರೋಗದಲ್ಲಿ ಗಂಡು ಚೆನ್ನಾಗಿ ಕಂಡರೂ ವೀರ್ಯದಲ್ಲಿ ವರ್ಷಗಟ್ಟಲೆ ಸುರಿಸುತ್ತಿರಬಹುದು, ಹೆಣ್ಣಿಗೆ ಗಬ್ಬ ಹೋಗಬಹುದು. ಸಿಇಎಂ ಎಂಬ ಬ್ಯಾಕ್ಟೀರಿಯಾದ ಗರ್ಭಕೋಶದ ರೋಗ 1977ರಲ್ಲಿ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಮೊದಲು ಗುರುತಿಗೆ ಬಂತು. 2008ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಮತ್ತೆ ಪತ್ತೆಯಾಗಿ ಹಲವು ರಾಜ್ಯಗಳಲ್ಲಿ ಗಂಡುಗಳನ್ನು ಹುಡುಕಿ ಪರೀಕ್ಷಿಸಬೇಕಾಯಿತು. ಇವೆರಡರ ಜೊತೆ ಇಐಎ ಎಂಬ, ರಕ್ತಹೀನತೆ ತರುವ ವೈರಸ್ ರೋಗದ ಪರೀಕ್ಷೆಯ ವರದಿಯನ್ನೂ ಕೇಳಿ.

ಗಬ್ಬದ ಕೊನೆಯಲ್ಲಿ ಏನು ಜೋಪಾನ?

ಗಬ್ಬ ಸುಮಾರು 11 ತಿಂಗಳು. ಕೊನೆಯ ತಿಂಗಳುಗಳಲ್ಲಿ ಮಿನಿ ಮೇವು ಬಿಟ್ಟರೆ ನಾಳೆ ನೋಡೋಣ ಅನ್ನಬೇಡಿ. ಮೈಯ ಕೊಬ್ಬು ಕರಗಿ ರಕ್ತಕ್ಕೆ ನುಗ್ಗುತ್ತದೆ, ಯಕೃತ್ತು ಕೆಡುತ್ತದೆ. ಇದಕ್ಕೆ ಹೈಪರ್‌ಲಿಪೀಮಿಯಾ ಅನ್ನುತ್ತಾರೆ. ರಕ್ತ ತೆಗೆದು ನಿಲ್ಲಿಸಿದರೆ ಮೇಲಿನ ತಿಳಿ ಬೆಳ್ಳಗೆ ಕದಡಿರುತ್ತದೆ. ದಪ್ಪಗಿರುವ ಗಬ್ಬದ ಕುದುರೆಯನ್ನು ತೆಳ್ಳಗೆ ಮಾಡಲು ಮೇವು ಕಡಿಮೆ ಮಾಡಿದಾಗಲೂ ಇದು ಬರುತ್ತದೆ.

ಈಯುವುದು ಹೆಚ್ಚಾಗಿ ರಾತ್ರಿ. ನೀರು ಒಡೆದ ಮೇಲೆ 20ರಿಂದ 30 ನಿಮಿಷದಲ್ಲಿ ಮರಿ ಹೊರಗಿರಬೇಕು. ಮೊದಲು ಬಿಳಿ ಪೊರೆ ಕಾಣಬೇಕು. ಕಡುಗೆಂಪು ದಪ್ಪ ಚೀಲ ಕಂಡರೆ ಮಾಸು ಮೊದಲೇ ಕಳಚಿದೆ, ಮರಿಗೆ ಉಸಿರಿಲ್ಲ. ಡಾಕ್ಟರ್ ಬರುವವರೆಗೆ ಕಾಯುವಂತಿಲ್ಲ. ಆಗಲೇ ಹರಿದು ಮರಿಯನ್ನು ಎಳೆಯಬೇಕು. ಇದನ್ನು ಹೇಗೆ ಮಾಡುವುದೆಂದು ಡಾಕ್ಟರಿಂದ ಮೊದಲೇ ಕಲಿತಿರಿ.

ಹುಟ್ಟಿದ ಮರಿಗೆ ನೋಂದಣಿ ಸಿಗುತ್ತದಾ?

ಹಾಕುವ ಮೊದಲೇ ಸಂಘಕ್ಕೆ ಬರೆದು ಕೇಳಿ. ಥರೋಬ್ರೆಡ್ ರೇಸ್ ಕುದುರೆಗಳಲ್ಲಿ ಕೃತಕ ಗರ್ಭಧಾರಣೆ ಪೂರ್ತಿ ನಿಷಿದ್ಧ. ನಮ್ಮ ಕುಣಿಗಲ್ ಸ್ಟಡ್ ಫಾರಂನಂಥ ಜಾಗಗಳಲ್ಲಿ ಗಂಡನ್ನೇ ಕೂಡಿಸುವುದು ಅದಕ್ಕೇ. ಮಿನಿಗಳಲ್ಲಿ ನಿಯಮ ಸಂಘದಿಂದ ಸಂಘಕ್ಕೆ ಬೇರೆ, ವರ್ಷದಿಂದ ವರ್ಷಕ್ಕೂ ತಿದ್ದುತ್ತಾರೆ. ತಂದೆ ತಾಯಿ ಇಬ್ಬರ ಡಿಎನ್‌ಎ ಫೈಲಿನಲ್ಲಿರಲಿ. ಗಂಡು ಸತ್ತ ಮೇಲೆ ಅಥವಾ ಬೀಜ ತೆಗೆಸಿದ ಮೇಲೆ ವೀರ್ಯ ಬಳಸಬಹುದಾ ಅನ್ನುವುದನ್ನೂ ಕಾಗದದಲ್ಲಿ ಪಡೆಯಿರಿ. ಮಾರುವವರ ಒಪ್ಪಂದದಲ್ಲಿ ಒಂದು ಸಾಲು ಹುಡುಕಿ: ಜೀವಂತ ಮರಿಯ ಭರವಸೆ ಇದೆಯಾ, ಅಥವಾ ಡೋಸಿಗೆ ಇಷ್ಟು ಅಂತ ಮಾರಿದ್ದಾರಾ? ಫ್ರೋಜನ್ ಹೆಚ್ಚಾಗಿ ಎರಡನೇ ರೀತಿ.

ಭಾರತದಲ್ಲಿ ಈ ಕೆಲಸ ಆಗುತ್ತಿದೆಯಾ?

ಮಿನಿಗಳಲ್ಲಿ ಅಲ್ಲ, ನಮ್ಮ ದೇಸಿ ತಳಿಗಳಲ್ಲಿ. ಹರಿಯಾಣದ ಹಿಸಾರ್‌ನಲ್ಲಿ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಇದೆ, ಬಿಕಾನೇರ್‌ನಲ್ಲಿ ಅದರ ಇನ್ನೊಂದು ಆವರಣ. ಮಾರ್ವಾಡಿಯಂಥ ತಳಿಗಳ ವೀರ್ಯವನ್ನು ಫ್ರೀಜ್ ಮಾಡಿ ಉಳಿಸುವ ಕೆಲಸ ಅಲ್ಲಿ ನಡೆದಿದೆ. 2023ರಲ್ಲಿ ಬಿಕಾನೇರ್‌ನಲ್ಲಿ ಭ್ರೂಣ ವರ್ಗಾವಣೆಯಿಂದ ಮಾರ್ವಾಡಿ ಮರಿಯೂ ಹುಟ್ಟಿತು. ತಳಿ ಅಳಿಯುವ ಹೊತ್ತಿನಲ್ಲಿ ಫ್ರೋಜನ್ ವೀರ್ಯಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ತೋಚುವುದಿಲ್ಲ. ಹೊರದೇಶದಿಂದ ವೀರ್ಯ ತರಿಸಬೇಕಾದರೆ ಸರ್ಕಾರದ ಆಮದು ಅನುಮತಿ, ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಯಾರೋ ಸೂಟ್‌ಕೇಸಿನಲ್ಲಿ ತರುತ್ತಾರೆ ಅಂದರೆ ನಂಬಬೇಡಿ.

ಸಾರಜನಕದ ಕ್ಯಾನು ಮನೆಯಲ್ಲೇ ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳಬಹುದು, ಆದರೆ ವಾರಕ್ಕೊಮ್ಮೆ ಅಳೆಯಬೇಕು. ಕಟ್ಟಿಗೆ ಅಥವಾ ಪ್ಲಾಸ್ಟಿಕ್ ಪಟ್ಟಿಯನ್ನು ತಳದವರೆಗೆ ಇಳಿಸಿ ತೆಗೆದು ಬೀಸಿದರೆ ಮಂಜು ಕಟ್ಟಿದಷ್ಟು ಭಾಗ ಸಾರಜನಕ ಇದೆ ಅಂತ. ಕ್ಯಾನಿನ ಕತ್ತಿನ ಹೊರಗೆ ಬೆವರು, ಮಂಜು ಕಂಡರೆ ನಿರ್ವಾತ ಹೋಗಿದೆ, ಅದೇ ದಿನ ಬೇರೆ ಕ್ಯಾನಿಗೆ ಸಾಗಿಸಿ. ಒಂದೆರಡು ಡೋಸಿಗೆ ಕ್ಯಾನು ಕೊಳ್ಳುವುದು ದಂಡ, ಡಾಕ್ಟರ ಹತ್ತಿರವೇ ಇಡಿ. ಫ್ರೋಜನ್ ವೀರ್ಯ ಹೊತ್ತು ಕೊರಿಯರಿನಲ್ಲಿ ಬರುವ ಡ್ರೈ ಶಿಪ್ಪರ್ ಎಂಬ ಪಾತ್ರೆ ಕೆಲವೇ ದಿನ ಚಳಿ ಹಿಡಿಯುತ್ತದೆ, ಬಂದ ದಿನವೇ ಬಿಚ್ಚಿ ಸ್ಟ್ರಾಗಳನ್ನು ಕ್ಯಾನಿಗೆ ಹಾಕಿ.

ಕಿಟಕಿ ಮುಚ್ಚಿದ ಕಾರಿನಲ್ಲಿ ಸಾರಜನಕ ತುಂಬಿದ ಕ್ಯಾನು ಒಯ್ಯಬೇಡಿ. ಆವಿಯಾಗುವ ಸಾರಜನಕಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದು ಕಾರಿನೊಳಗಿನ ಆಮ್ಲಜನಕವನ್ನು ಹೊರದೂಡುತ್ತದೆ. ತಲೆ ಸುತ್ತುವುದು ಗೊತ್ತಾಗುವ ಮೊದಲೇ ಪ್ರಜ್ಞೆ ತಪ್ಪಬಹುದು. ಪಿಕಪ್ ಟ್ರಕ್ಕಿನ ಹಿಂಭಾಗದಲ್ಲಿ, ನೆಟ್ಟಗೆ ನಿಲ್ಲಿಸಿ, ಹಗ್ಗ ಬಿಗಿದು ತನ್ನಿ. ಮುಚ್ಚಳ ಸಡಿಲವಾಗೇ ಇರಲಿ, ಬಿಗಿಯಾಗಿ ಮುಚ್ಚಿದರೆ ಒತ್ತಡ ಏರಿ ಸಿಡಿಯುತ್ತದೆ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಮಕ್ಕಳು ಆಡುವ ಜಾಗದಲ್ಲಿ ಮಾತ್ರ ಇಡಲೇಬೇಡಿ.